ಎಡಬಾಗಿಲಿನ ತೇಪೆ

ಇಲ್ಲಿ, ಹಿಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಏನೋ ಇದೆ, ಇಲ್ಲ, ಏನೂ ಇಲ್ಲ, ಇದೆ — ಸವರುತ್ತಾ ಹೋದ ಬೆರಳು ತಡೆದು ನಿಂತಿತು, ಬಟ್ಟೆಯ ಮೇಲೆ ನಿಲ್ಲುವ ಹಾಗೆಯೇ, ಮೂವತ್ತು ವರ್ಷ ರಫೂ ಕೆಲಸ ಮಾಡಿದ ಬೆರಳು, ಇಲಿ ಕಡಿದ ಕೋಟು, ಕಿಡಿ ಬಿದ್ದ ಕಂಬಳಿ, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಅದೇ ಬಟ್ಟೆಯ ಮಡಿಕೆಯಿಂದ ಎಳೆ ಬಿಡಿಸಿ, ಹಾಸು ಹೊಕ್ಕು ಕೂಡಿಸಿ ನೇಯ್ದು, ಹರಿದಿತ್ತು ಎಂಬುದನ್ನು ಹರಿದುಕೊಂಡವರೇ ಮರೆಯುವಂತೆ ಮಾಡುವ ಬೆರಳು, ಅದರ ಹತ್ತಿರ ಸುಳ್ಳು ನಡೆಯುತ್ತದೆಯೇ. ಬಾಟಲಿ ಹಸಿರಿನ ಹೊಸ ಕಾರು, ಶೋರೂಮಿನ ಅಷ್ಟೂ ದೀಪ ಅದರ ಮೈಯಲ್ಲಿ, ಕಣ್ಣಿಗೆ ಬರೀ ಹೊಳಪು, ಆದರೆ ಎಡಬಾಗಿಲಿನ ಅಂಗೈಯಗಲ ಜಾಗ ಮಿಕ್ಕ ಮೈಗಿಂತ ದಪ್ಪ, ಕಾಗದದ ಅಂಚಿನಷ್ಟು, ಅಷ್ಟೇ. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿದಳು. ಅವಳಿನ್ನೂ ತುಟಿ ಬಿಚ್ಚಿಲ್ಲ, ಆಗಲೇ ಟೈ ಕಟ್ಟಿದ ಸೇಲ್ಸ್‌ನವನು ಬಟ್ಟೆ ಹಿಡಿದು ಅದೇ ಜಾಗ ಒರೆಸಲು ಬಂದ, ಧೂಳು ಮೇಡಮ್, ಧೂಳಿರ್ಬೇಕು — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಈ ಪುಣ್ಯಾತ್ಮ ಅನ್ನುವುದಕ್ಕೂ ಮೊದಲೇ ಮುಟ್ಟಿಕೊಂಡ. ಬಟ್ಟೆಯ ನಿಜ ತಿಳಿಯಬೇಕಾದರೆ ಒಳಮೈ ತಿರುಗಿಸಿ ನೋಡು ಎನ್ನುತ್ತಿದ್ದರು ಅಪ್ಪ, ಕಾರಿಗೆ ಒಳಮೈ ಎಲ್ಲಿಂದ ತರುವುದು, ಬಾಗಿಲು ತೆರೆದಳು, ಅಂಚಿನ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಮಗುಚಿದಳು, ಇತ್ತು, ಕಪ್ಪು ರಬ್ಬರಿನ ಮೇಲೆ ಸಾಸಿವೆ ಸಿಡಿದ ಹಾಗೆ ಹಸಿರು ಚುಕ್ಕಿಗಳು. ರಬ್ಬರ್ ಕೂರಿಸಿದ ಮೇಲೆ ಬಣ್ಣ ಹೊಡೆದಿದ್ದಾರೆ. ಈ ಬಾಗಿಲು ಎಲ್ಲೋ ಪೆಟ್ಟು ತಿಂದಿದೆ, ತಟ್ಟಿ, ತುಂಬಿ, ಬಣ್ಣ ಬಳಿದು, ಹೊಚ್ಚ ಹೊಸದು ಎಂದು ದೀಪದ ಕೆಳಗೆ ನಿಲ್ಲಿಸಿದ್ದಾರೆ.

ರೀ, ಇಲ್ಲಿ ಬನ್ನಿ ಎಂದಳು. ಗಂಡ ಬಂದ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಮನುಷ್ಯ, ಯಾರ ತಂಟೆಗೂ ಹೋಗದ ಮನುಷ್ಯ, ಬಗ್ಗಿ ನೋಡಿದ, ಕನ್ನಡಕ ಏರಿಸಿ ನೋಡಿದ, ನಂಗೇನೂ ಕಾಣಿಸ್ತಿಲ್ಲ ಕಣೇ, ಕಾಣಿಸದೆ ಇದ್ರೆ ಏನಂತೆ, ಹೋಗ್ಲಿ ಬಿಡು. ಬಂತಲ್ಲ. ಅವಳು ಮನಸ್ಸಿನಲ್ಲಿ ಅವನಿಗಿಟ್ಟ ಹೆಸರೇ ಅದು, ಹೋಗ್ಲಿಬಿಡು, ಇಪ್ಪತ್ತಾರು ವರ್ಷದಲ್ಲಿ ಎಷ್ಟನ್ನು ಹೋಗಲಿ ಎಂದು ಬಿಟ್ಟಿದ್ದಾನೆ ಮಹಾರಾಯ, ಬಡ್ತಿ ಕಿರಿಯವನಿಗೆ ಹೋಯಿತು, ಹೋಗ್ಲಿ ಬಿಡು, ಪಕ್ಕದ ಮನೆಯವರು ಗೋಡೆಯನ್ನು ಒಂದಡಿ ಈಚೆ ಕಟ್ಟಿದರು, ಹೋಗ್ಲಿ ಬಿಡು, ಗೋಡೆ ತಾನೇ, ಮೇಲೆ ಬೀಳ್ಲಿಲ್ವಲ್ಲ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಆದರೆ ಇವತ್ತು ಇಲ್ಲ, ಇದೊಂದರಲ್ಲಿ ಇಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಅವಳ ಪಾಲಿಗೆ ಬಂದದ್ದೆಲ್ಲ ಇನ್ನೊಬ್ಬರು ಉಟ್ಟು ಬಿಟ್ಟದ್ದು, ಅಕ್ಕನ ಫ್ರಾಕು, ಅತ್ತೆಯ ಮಂಚ, ನಾದಿನಿಯ ಫ್ರಿಜ್ಜು, ಅಂಗಡಿಯ ಹೊಲಿಗೆ ಯಂತ್ರ ಕೂಡ ಅಪ್ಪನದು, ಅಪ್ಪನಿಗೂ ಅದು ಇನ್ಯಾರದೋ, ಎಲ್ಲದಕ್ಕೂ ತೇಪೆ, ಎಲ್ಲ ತೇಪೆಯೂ ಅವಳ ಕೈಯಿಂದಲೇ. ಐವತ್ತು ತುಂಬಿದ ಮೇಲೆ ಡ್ರೈವಿಂಗ್ ಕಲಿತಳು, ಕಲಿಸುವವನು ಕ್ಲಚ್ ಅಮ್ಮಾ ಕ್ಲಚ್ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ, ಕಲಿತೇ ಬಿಟ್ಟಳು, ಒಂದು, ಒಂದೇ ಒಂದು ವಸ್ತು, ಯಾರ ಕೈಯೂ ಸೋಕದ್ದು, ಎಲ್ಲೂ ಹರಿಯದ್ದು, ತಾನು ತಿದ್ದಬೇಕಿಲ್ಲದ್ದು ಬೇಕು ಎಂದಿದ್ದಳು. ಅದಕ್ಕೇ ತೇಪೆ ಹಾಕಿಟ್ಟಿದ್ದಾರೆ. ಅದೂ ಇಷ್ಟು ಚೆನ್ನಾಗಿ. ಹಾಳಾದವರು, ಕೆಲಸ ಮಾತ್ರ ನಾಜೂಕಾಗಿ ಮಾಡಿದ್ದಾರೆ, ಬಣ್ಣ ಕೂಡಿದ ಗೆರೆ ದೀಪಕ್ಕೂ ಸಿಕ್ಕುವುದಿಲ್ಲ, ಮಾಡಿದವನ ಕೈ ಒಳ್ಳೆಯ ಕೈ ಎಂದು ಅನ್ನಿಸಿದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

ಸ್ಟೀರಿಂಗ್ ಮುಂದೆ ಹೋಗಿ ಕೂತಳು. ಕೂತವಳು ಏಳಲಿಲ್ಲ. ಹೊಸ ಸೀಟಿನ ಪ್ಲಾಸ್ಟಿಕ್ ಹಾಳೆ ತೊಡೆಯ ಕೆಳಗೆ ಚರಚರ ಅನ್ನುತ್ತಿದೆ, ಸೇಲ್ಸ್‌ನವನು ಕಿಟಕಿಯಲ್ಲಿ ಬಗ್ಗಿ ಕಾಗದ ನೀಡುತ್ತಿದ್ದಾನೆ, ಇದೊಂದು ಸೈನ್ ಮೇಡಮ್, ಗಾಡಿ ಆಗ್ಲೇ ನಿಮ್ಮ ಹೆಸರಿಗೆ ಆಗ್ಹೋಗಿದೆ, ಇದು ಬರೀ ಶಾಸ್ತ್ರಕ್ಕೆ. ಓದಿದಳು, ವಾಹನವನ್ನು ಯಾವ ಕುಂದೂ ಇಲ್ಲದೆ ಪಡೆದಿರುತ್ತೇನೆ. ಕುಂದು. ಎಷ್ಟು ಸಣ್ಣ ಮಾತು, ಎಷ್ಟು ನೇರ ಮಾತು. ನೋಡಪ್ಪ, ಕುಂದಿದೆ, ಅದನ್ನೇ ಬರಿ, ಎಡಬಾಗಿಲಿಗೆ ಪೆಟ್ಟಾಗಿ ಮತ್ತೆ ಬಣ್ಣ ಹಾಕಿದೆ ಅಂತ ಬರಿ, ಇಲ್ಲ, ಪೆಟ್ಟೇ ತಿನ್ನದ ಬೇರೆ ಗಾಡಿ ತಂದು ನಿಲ್ಸು. ಅವನು ನಕ್ಕ, ಆಮೇಲೆ ನಗಲಿಲ್ಲ, ಲಾರಿಯಿಂದ ಇಳಿಸುವಾಗ ಒಂಚೂರು ಉಜ್ಜಿರಬಹುದು ಎಂದ, ಅಂದರೆ ಧೂಳು ಹೋಗಿ ಉಜ್ಜಾಯಿತು, ಕಾರ್ಖಾನೆಯ ಬಣ್ಣಕ್ಕಿಂತ ಇದೇ ಗಟ್ಟಿ ಎಂದ, ಅಂದರೆ ಉಜ್ಜು ಹೋಗಿ ಬಣ್ಣವಾಯಿತು, ಸೀಟಿನ ಕವರು ಪುಕ್ಕಟೆ ಕೊಡುತ್ತೇವೆ ಎಂದ, ಕಾಲೊರೆಸು ಕೊಡುತ್ತೇವೆ ಎಂದ, ಮೂಗಿಗೆ ತುಪ್ಪ ಸವರುವುದಕ್ಕೂ ಒಂದು ಲೆಕ್ಕಾಚಾರ ಬೇಡವೇ, ತೇಪೆ ಬಾಗಿಲಿಗೆ, ಕವರು ಸೀಟಿಗೆ. ಪಕ್ಕದಲ್ಲಿ ಇನ್ನೊಂದು ಸಂಸಾರ ರಟ್ಟಿನ ದೊಡ್ಡ ಕೀಲಿ ಹಿಡಿದು ಫೋಟೊಗೆ ನಿಂತಿದೆ, ಅವರೆಲ್ಲ ಈಗ ಇತ್ತಲೇ ನೋಡುತ್ತಿದ್ದಾರೆ, ನೋಡಲಿ, ಬೇಕಾದರೆ ಅವರೂ ತಮ್ಮ ಬಾಗಿಲು ಸವರಿ ನೋಡಿಕೊಳ್ಳಲಿ. ಹೋಗ್ಲಿಬಿಡು ಅತ್ತ ಕಂಬದ ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದಾನೆ, ಬಾ, ಎದ್ದು ಬಾ. ಬರಲ್ಲ. ಕಾಣೋದಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ, ಇದು ಅಪ್ಪನ ಮಾತು, ಅಪ್ಪ ಎಂಥ ಹರಕನ್ನು ಕೂಡಿಸಿದರೂ ಒಳಮೈಯಲ್ಲಿ ಒಂದು ಎಳೆಯನ್ನು ಕತ್ತರಿಸದೆ ಉಗುರಿನುದ್ದ ಬಿಡುತ್ತಿದ್ದರು, ಸಾಕ್ಷಿ ಎಳೆ ಎನ್ನುತ್ತಿದ್ದರು ಅದಕ್ಕೆ, ಬಟ್ಟೆ ಕೊಡುವಾಗ ಮಗುಚಿ ತೋರಿಸಿ, ಇಲ್ಲಿ ಹರಿದಿತ್ತು, ಇಲ್ಲಿ ಕೂಡಿಸಿದ್ದೇನೆ ಎಂದು ಹೇಳಿಯೇ ಕೊಡುತ್ತಿದ್ದರು, ಹೇಳಿದ್ರೆ ಕಸುಬು ಮಗಳೇ, ಹೇಳದೆ ಇದ್ರೆ ಕಳ್ಳತನ. ಅವಳೂ ಹಾಗೆಯೇ, ಮೂವತ್ತು ವರ್ಷ, ಒಂದೂ ಬಿಡದೆ — ಕಂದು ಶಾಲು — ಒಂದೂ ಬಿಡದೆ ತೋರಿಸಿ ಕೊಟ್ಟಿದ್ದಾಳೆ. ಆ ಶಾಲು ಈಗ ಯಾಕೆ ಬಂತು. ಅದು ಬೇರೆ ಮಾತು. ಕಾಗದ ಕೊಡಪ್ಪ, ಇನ್ನೊಮ್ಮೆ ಓದ್ತೀನಿ, ನಿಮ್ಮ ಮ್ಯಾನೇಜರನ್ನ ಕರಿ.

ಮ್ಯಾನೇಜರು ಬಂದು ಪಕ್ಕದ ಸೀಟಿನಲ್ಲಿ ಕೂತ, ತೇಪೆಯ ಬಾಗಿಲನ್ನೇ ತೆಗೆದು ಬಂದು ಕೂತ, ವಯಸ್ಸಾದವನು, ಗದರುವವನಲ್ಲ, ಗದರಿದ್ದರೆ ಸುಲಭವಾಗಿತ್ತು. ಅವನು ಕಾಗದದಲ್ಲಿ ಹಾಗೆಲ್ಲ ಬರೆಯುವ ಪದ್ಧತಿಯಿಲ್ಲ ಎಂದ, ಬರೆದರೆ ಮೇಲಿನವರು ತನ್ನನ್ನು ಕೇಳುತ್ತಾರೆ ಎಂದ, ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದ, ರಫೂ ಎಂದಳು, ಅವನ ಮುಖ ಅರಳಿತು, ಸಿಕ್ಕಿದಳು ಎಂದುಕೊಂಡಿರಬೇಕು. ಹಾಗಾದ್ರೆ ನೀವೂ ಮುಚ್ಚೋ ಕೆಲಸದವರೇ ಅಲ್ವಾಮ್ಮಾ. ಮುಚ್ಚುತ್ತೇನೆ, ಬಚ್ಚಿಡುವುದಿಲ್ಲ ಎಂದಳು ಕಡ್ಡಿ ಮುರಿದ ಹಾಗೆ. ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತಾ, ಹಂಗಿಸಲಿಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳುವವನ ಹಾಗೆ ಕೇಳಿದ, ಒಂದ್ಸಲನೂ ಇಲ್ವಾ?

ಇಲ್ಲ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಕಂದು ಶಾಲು ಬಂದು ಮಡಿಲಲ್ಲಿ ಕೂತಿತ್ತು, ಅಂಗಡಿಯಿಂದ ಎರಡು ಬೀದಿಯಾಚೆಯ ದೊಡ್ಡ ಟೀಚರ್ ಶಾಲು, ಅವಳಿಗೆ ಅಕ್ಷರ ಕಲಿಸಿದ ಕೈ, ನುಸಿ ತಿಂದ ಒಂದು ಸಣ್ಣ ತೂತು ಮುಚ್ಚಲೆಂದು ಕೊಟ್ಟದ್ದು, ಇದು ನಮ್ಮಮ್ಮನ ಶಾಲು ಕಣೆ, ಜೋಪಾನ ಎಂದು ಕೊಟ್ಟದ್ದು, ಅಂದು ಫೋನ್ ಬಂತು, ಇಸ್ತ್ರಿಪೆಟ್ಟಿಗೆ ಶಾಲಿನ ಮೇಲೇ ಉಳಿಯಿತು, ಉಣ್ಣೆ ಸುಟ್ಟ ಆ ವಾಸನೆ, ಅಂಗೈಯಗಲ. ಎರಡು ದಿನ ಅಂಗಡಿ ಬಾಗಿಲು ಹಾಕಿ ಕೂತು ಕೂಡಿಸಿದಳು, ಬದುಕಿನಲ್ಲೇ ಅಂಥ ಕೆಲಸ ಮಾಡಿರಲಿಲ್ಲ, ದೇವರು ಬಂದರೂ ಗುರುತು ಹಿಡಿಯಬಾರದು ಹಾಗೆ ಕೂಡಿಸಿದಳು, ಕೊನೆಗೆ ಒಳಮೈಯಲ್ಲಿ ಉಳಿದ ಸಾಕ್ಷಿ ಎಳೆಯನ್ನು ನೋಡಿದಳು, ಕತ್ತರಿ ತೆಗೆದುಕೊಂಡಳು. ನುಸಿಯ ತೂತು ಮುಚ್ಚಿದೆ ಟೀಚರ್ ಎಂದಷ್ಟೇ ಹೇಳಿದಳು. ಏಳು ವರ್ಷವಾಯಿತು. ಟೀಚರ್ ಮತ್ತೆ ಅಂಗಡಿಗೆ ಬರಲಿಲ್ಲ, ಎದುರು ಸಿಕ್ಕರೆ ನಕ್ಕು ಹೋಗುತ್ತಾರೆ. ಈ ಮ್ಯಾನೇಜರನಿಗೆ ಇದನ್ನು ಹೇಳುವ ಹಂಗೇನಿದೆ, ಏನೂ ಇಲ್ಲ, ಇಲ್ಲ ಅಂದು ಬಿಡಬಹುದು, ಒಂದು ಸಲವೂ ಇಲ್ಲ ಸ್ವಾಮಿ, ಬರೀರಿ — ಹೋಗ್ಲಿ ಬಿಡು, ಅಯ್ಯೋ, ಇದು ಯಾರ ದನಿ, ಅವನದಲ್ಲ, ಇದು ತನ್ನದೇ.

ಒಂದ್ಸಲ ಬಚ್ಚಿಟ್ಟಿದ್ದೀನಿ ಎಂದಳು, ಗಟ್ಟಿಯಾಗಿಯೇ, ಕಂಬದ ಹಿಂದಿದ್ದವನಿಗೂ ಕೇಳಲಿ ಎಂದು. ಅದಕ್ಕೇ ಹೇಳ್ತಿದ್ದೀನಿ, ಬರೀದೆ ನಾನು ಏಳಲ್ಲ. ನೀವು ಬರೀರಿ, ಇಲ್ಲಿಂದ ನಾನು ನೆಟ್ಟಗೆ ನಮ್ಮ ಟೀಚರ್ ಮನೆಗೆ ಹೋಗಿ ನಂದೂ ಒಪ್ಪಿಸ್ತೀನಿ. ಮ್ಯಾನೇಜರು ಅವಳನ್ನು ನೋಡಿದ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡ, ಪೆನ್ನು ಎಡಬಾಗಿಲು ಎಂದು ಬರೆಯಿತು, ಮುಂದೆ ಏನಂತ ಹೇಳಿ ಎಂದು ಕೇಳುತ್ತಿದ್ದಾನೆ, ಕೇಳುತ್ತಲೇ ಇದ್ದಾನೆ, ಅವಳು ಹೇಳಬೇಕು, ಎಷ್ಟು ಹೊತ್ತಿನಿಂದ ಕಾಯುತ್ತಿದ್ದ ಮಾತು ಬಾಯಲ್ಲೇ ಇದೆ, ಆದರೆ ಈಗ ಕಾಣುತ್ತಿರುವುದು ಶಾಲು ಹಿಂದಿರುಗಿಸಿದ ದಿನದ ಅಂಗಡಿಯ ಮೇಜು, ಬಿಚ್ಚಿ ಹರಡಿದ ಶಾಲು, ಅದರ ಮೇಲೆ ಮೆಲ್ಲಗೆ ಸವರುತ್ತಾ ಬಂದ ಟೀಚರ್ ಬೆರಳು, ಸೀಮೆಸುಣ್ಣ ಹಿಡಿದು ಸವೆದ ಬೆರಳು, ಬಂತು, ಬಂತು, ಸುಟ್ಟ ಜಾಗದ ಮೇಲೆ ಬಂದು ನಿಂತಿತು.