ನಾಲಿಗೆ ಹಚ್ಚಿದ ಕಪ್ಪು

2025ರ ಫೆಬ್ರುವರಿ ಹತ್ತು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

"ಇಡಬೇ ಅದನ್ನ ಕೆಳಗ! ನಿಮ್ಮಪ್ಪ ಮಾಡಿಟ್ಟಾನಂತ ತಿಳಿದೀಯೇನು?"

ಬಸವಂತರಾಯನ ದನಿಗೆ ಶೆಡ್ಡಿನ ತಗಡು ಗುಂಯ್ ಎಂದಿತು. ಗದ್ದೆಮ್ಮನ ಕೈಯಲ್ಲಿ ನೀಲಿ ಅಂಚಿನ ಹೊಸ ಪಿಂಗಾಣಿ ಕಪ್ಪು ಇತ್ತು. ಅವಳು ಅದನ್ನು ಇಡಲಿಲ್ಲ, ಎತ್ತಿಯೂ ಹಿಡಿಯಲಿಲ್ಲ.

"ನಮ್ಮಪ್ಪ ಅಲ್ರಿ ಸಾವ್ಕಾರ್ರ, ನಾನ ಮಾಡೀನಿ. ಒಮ್ಮೆ ಇದರಾಗ ಚಾ ಕುಡೀಲೇನ್ರಿ ಅಂತ ಕೇಳಿದೆ. ತೊಳದು ಇಡ್ತೀನ್ರಿ."

"ನೀ ತೊಳದಿಟ್ಟ ಮ್ಯಾಲ ಅದನ್ನ ಯಾರು ಮುಟ್ಟಬೇಕು? ನೀವು..." ಅಂದವನು ಗಕ್ಕನೆ ನಿಂತ. ನಾಲಿಗೆಯ ತುದಿಗೆ ಬಂದ ಪದವನ್ನು ನುಂಗಿಕೊಂಡ. ಹೋದ ವರ್ಷ ಅವನ ಷಡ್ಡಕ ಅದೇ ಪದ ಆಡಿ ಇನ್ನೂ ಕೋರ್ಟಿಗೆ ಅಲೆಯುತ್ತಿದ್ದ. "ನಾ ಜಾತಿ ಅನ್ನಲಿಲ್ಲ ಮತ್ತ! ಕ್ಲೀನ್ ಅಂದೆ. ಹೈಜೀನ್. ಲೇ ಪಂಪಾಪತಿ, ಇವರಿಗೆ ಪೇಪರ್ ಕಪ್ಪಿನಾಗ ಕೊಡಲೇ. ಹೊರಗ, ಬೇವಿನ ಗಿಡದ ಬುಡಕ್ಕ."

ಮೇಸ್ತ್ರಿ ಪಂಪಾಪತಿ ತಲೆಯಾಡಿಸಿದ. ಗದ್ದೆಮ್ಮ ಕಪ್ಪನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಅದರ ಹಿಡಿಯನ್ನು ಒರೆಸಿ, ನನ್ನ ಕಡೆ ಕಣ್ಣು ಹೊಡೆದಳು.

ನಮ್ಮ ಪಿಂಗಾಣಿ ಕಾರ್ಖಾನೆ ಮಸ್ಕಿ ದಾಟಿ ಲಿಂಗಸುಗೂರಿನ ರಸ್ತೆಯಲ್ಲಿದೆ. ಗದ್ದೆಮ್ಮ ಮತ್ತು ನಾನು ಒಂದೇ ಕೇರಿಯವರು. ನಮ್ಮ ಜೊತೆ ದುಡಿಯುವ ಮಾಬುಬೀ ಮುದಗಲ್‌ನಿಂದ ದಿನಾ ಬಸ್ಸಿಗೆ ಬರುತ್ತಾಳೆ. ನಾನು ಸಿಂಧನೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು, ಇಲ್ಲಿ ಭಟ್ಟಿಯ ಶಾಖ ನೋಡಿ ಬರೆದಿಡುತ್ತೇನೆ. ಅದಕ್ಕೆ ಪಂಪಾಪತಿ ನನ್ನನ್ನು "ಸೈಂಟಿಸ್ಟ್ ಅಂಜಲಿ" ಅನ್ನುತ್ತಾನೆ. ಮಣ್ಣಿನ ಬುಟ್ಟಿ ಹೊರುವಾಗಲೂ ಹಾಗೇ ಅನ್ನುತ್ತಾನೆ.

ಮೊದಲು ಇಲ್ಲಿ ಭತ್ತದ ಹೊಟ್ಟು ಉರಿಸುವ ಇಟ್ಟಂಗಿ ಭಟ್ಟಿ ಇತ್ತು. ಈಗ ಬಂದಿರುವುದು ಗ್ಯಾಸಿನದು: ಉಕ್ಕಿನ ಪೆಟ್ಟಿಗೆ, ಒಳಗೆಲ್ಲ ಬಿಳಿ ಉಣ್ಣೆಯ ಹೊದಿಕೆ. ಅದು ಕುರಿಯ ಉಣ್ಣೆಯಲ್ಲ, ಕಲ್ಲನ್ನೇ ಕರಗಿಸಿ ಎಳೆ ತೆಗೆದ ಪಿಂಗಾಣಿ ನಾರು. ನೋಡಲಿಕ್ಕೆ ಹತ್ತಿ. ಬೆಂಕಿ ಅದನ್ನು ಏನೂ ಮಾಡುವುದಿಲ್ಲ, ಅದು ಮಾತ್ರ ಚರ್ಮವನ್ನು ಬಿಡುವುದಿಲ್ಲ. ಬಾಗಿಲಿನ ಸಂದಿಗೆ ಅದನ್ನು ತುರುಕಿದವರು ಗದ್ದೆಮ್ಮ ಮತ್ತು ಮಾಬುಬೀ, ಬಾಯಿಗೆ ಸೆರಗು ಕಟ್ಟಿಕೊಂಡು. ಕೈಗವಸು ಕೇಳಿದಾಗ ಬಸವಂತರಾಯ, "ಹತ್ತಿ ಐತದು, ಹತ್ತಿ! ಹತ್ತಿ ಬಿಡಿಸಾಕ ಹೋದಾಗ ಕೈಗವಸು ಹಾಕ್ಕೊಂತೀರೇನಬೇ?" ಅಂದಿದ್ದ. ಆ ವಾರವೆಲ್ಲ ಇಬ್ಬರೂ ಮೊಳಕೈ ಕೆರೆದುಕೊಳ್ಳುತ್ತ ಓಡಾಡಿದ್ದರು.

ಕಪ್ಪು ಎರಡು ಸಲ ಬೇಯುತ್ತದೆ. ಮೊದಲನೇ ಸಲ ಬರೀ ಮಣ್ಣು, ಒಂಬೈನೂರೈವತ್ತು ಡಿಗ್ರಿಗೆ. ಆಮೇಲೆ ಮೆರುಗಿನ ನೀರಿನಲ್ಲಿ ಅದ್ದಿ ಮತ್ತೊಮ್ಮೆ, ಸಾವಿರದ ನೂರ ಎಂಬತ್ತಕ್ಕೆ. ಮೊದಲ ಸುಡುವಿಕೆ ಸರಿಯಾಗಿದೆಯೇ ಎಂದು ನೋಡಲು ಗದ್ದೆಮ್ಮ ಕಪ್ಪಿನ ಅಂಚಿಗೆ ನಾಲಿಗೆಯ ತುದಿ ಹಚ್ಚುತ್ತಾಳೆ. ಕಪ್ಪು ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಇನ್ನೂ ಹಸಿ. ಹಿಡಿದು ಬಿಟ್ಟರೆ ಸರಿ. ಹಿಡಿಯದೇ ಹೋದರೆ ಹೆಚ್ಚು ಬೆಂದಿದೆ, ಮೆರುಗು ಕೂರುವುದಿಲ್ಲ. ಹೊಸ ಭಟ್ಟಿಯ ಯಾವ ಮೂಲೆಯಲ್ಲಿ ಶಾಖ ಎಷ್ಟು ಎಂದು ಇನ್ನೂ ಗೊತ್ತಿಲ್ಲದ್ದರಿಂದ, ಪರೀಕ್ಷೆಗೆಂದು ಸುಟ್ಟ ಮೊದಲ ಮಾಲಿನಲ್ಲಿ ಒಂದನ್ನೂ ಬಿಡಬೇಡ ಎಂದು ಪಂಪಾಪತಿ ಹೇಳಿದ್ದ. ಅವಳು ಒಂದನ್ನೂ ಬಿಟ್ಟಿರಲಿಲ್ಲ. ಬಸವಂತರಾಯ ಸೆಕೆಗೆ ಹೆದರಿ ಆ ಕಡೆ ಬರುವವನೇ ಅಲ್ಲ.

"ಆ ಕಪ್ಪುಗಳ ಹಸಿಮೈ ನನ್ನ ನಾಲಿಗಿಗೆ ಗೊತ್ತೈತಿ, ಅಂಜಲಿ," ಎಂದು ಬೇವಿನ ಗಿಡದ ಕೆಳಗೆ ಗದ್ದೆಮ್ಮ ಹೇಳಿದಳು. "ಬೆಂದು, ಬಣ್ಣ ಹಚ್ಚಿಕೊಂಡು, ಸೊಸಿ ಆದಂಗ ಕುಂತಾವು ನೋಡು. ತುಟಿಗೆ ಹೆಂಗಾಗತಾವು? ಅಷ್ಟ ನೋಡಬೇಕು ನಂಗ. ಒಂದು ಚಾ. ಮನಿಗಂತೂ ಒಯ್ಯಂಗಿಲ್ಲ."

"ಸಾವ್ಕಾರ ಜೀವ ಕೊಟ್ಟಾನು, ಕಪ್ಪು ಕೊಡಂಗಿಲ್ಲ," ಎಂದಳು ಮಾಬುಬೀ.

"ಅವನ ಜೀವ ತಗೊಂಡು ಏನು ಮಾಡ್ಲಿ? ಅದಕ್ಕ ಹಿಡಿನೂ ಇಲ್ಲ."

ಹನ್ನೊಂದಕ್ಕೆ ಹೊಸ ಭಟ್ಟಿಯ ಪೂಜೆ, ಅದು ಮುಗಿದೊಡನೆ ಹೋಟೆಲೊಂದಕ್ಕೆ ಕೊಡಬೇಕಾದ ಮಾಲಿನ ಮೊದಲ ಸುಡುವಿಕೆ. ಸಿಂಧನೂರಿನಿಂದ ಕಾರುಗಳು ಬಂದವು, ಇಳಿದವರಲ್ಲಿ ಅಕ್ಕಿಗಿರಣಿಯವರೇ ಹೆಚ್ಚು. ಪೂಜೆಗೆ ಬಂದ ಅಯ್ಯನವರು ಬತ್ತಿ ತರುವುದನ್ನು ಮರೆತಿದ್ದರು. ಭಟ್ಟಿಯ ಬಾಗಿಲಲ್ಲಿ ಇಣುಕುತ್ತಿದ್ದ ಬಿಳಿ ಎಳೆಗಳನ್ನು ಕಂಡು, "ಹತ್ತಿ ಇಲ್ಲೇ ಅದಲ್ಲ!" ಎಂದರು.

"ಹೌದ್ರಿ, ಹತ್ತಿನ," ಎಂದ ಬಸವಂತರಾಯ. ನಮ್ಮ ಮುಂದೆ ಅಷ್ಟು ಸಲ ಹೇಳಿ ಅವನಿಗೇ ನಂಬಿಕೆ ಬಂದಿತ್ತೋ ಏನೋ.

ಅಯ್ಯನವರು ಒಂದು ಹಿಡಿ ಕಿತ್ತು, ಅಂಗೈಯಲ್ಲಿ ಚೆನ್ನಾಗಿ ಹೊಸೆದು, ಎಣ್ಣೆಗಿಟ್ಟು ಹಚ್ಚಿದರು. ದೀಪ ಉರಿಯಿತು. ಮಂತ್ರ ಮುಗಿದು, ಕಾಯಿ ಒಡೆದು, ಎಣ್ಣೆ ತಳ ಕಂಡರೂ ಬತ್ತಿ ಒಂದಿಷ್ಟೂ ಗಿಡ್ಡವಾಗಲಿಲ್ಲ.

"ನೋಡ್ರಿ, ಬತ್ತಿ ಸುಡವಲ್ದು! ಶಿವನ ಮಹಿಮಾ!" ಎಂದು ಕೈ ಮುಗಿದವರು, ಮುಗಿದ ಕೈಯನ್ನು ಹಾಗೇ ಒಂದಕ್ಕೊಂದು ಉಜ್ಜತೊಡಗಿದರು. ಆಮೇಲೆ ಕುತ್ತಿಗೆ ಕೆರೆದುಕೊಂಡರು. ಮಾಬುಬೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಈ ಸಲ ಧೂಳಿಗಲ್ಲ.

ಚಹಾ ಬಂತು. ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಅತಿಥಿಗಳು, ಕೈಯಲ್ಲಿ ನೀಲಿ ಅಂಚಿನ ಕಪ್ಪುಗಳು. ಮಿರ್ಚಿ ಬಜಿ, ಜಿಲೇಬಿ. ಬೇವಿನ ಬುಡದಲ್ಲಿ ನಮಗೆ ಪೇಪರ್ ಕಪ್ಪು. ಎರಡು ಗುಟುಕಿಗೆ ತಳ ಕಾಣುವಂಥದ್ದು.

"ಆಹಾ, ಅಂಚು ಏನು ನುಣುಪು! ರೇಷ್ಮಿ ಮುಟ್ಟಿದಂಗ ಆಗತೈತಿ," ಎಂದರು ಅಯ್ಯನವರು, ಒಂದು ಕೈಯಲ್ಲಿ ಕುಡಿಯುತ್ತ, ಇನ್ನೊಂದರಲ್ಲಿ ಕೆರೆಯುತ್ತ.

ಬಸವಂತರಾಯ ಉಬ್ಬಿದ. "ನಮ್ಮಲ್ಲಿ ಒಂದೊಂದು ಪೀಸೂ ಟೆಸ್ಟಿಂಗ್ ಆಗೇ ಹೊರಗ ಬರೋದ್ರಿ. ಮಷಿನ್ ಐತಿ."

ಗಿರಣಿಯ ಚನ್ನವೀರನಿಗೆ ಯಂತ್ರವೆಂದರೆ ಪ್ರಾಣ. "ಎಲ್ಲೈತ್ರಿ? ಯಾವ ಕಂಪನಿದು? ತೋರಸ್ರಿ."

ಬಸವಂತರಾಯ ಪಂಪಾಪತಿಯ ಮುಖ ನೋಡಿದ. "ತೋರಸಲೇ." ಪಂಪಾಪತಿ ಬೆವರು ಒರೆಸಿಕೊಂಡ. ಅವನ ಕಣ್ಣು ತಾನಾಗಿಯೇ ಬೇವಿನ ಗಿಡದ ಕಡೆ ಹೋಯಿತು.

ಗದ್ದೆಮ್ಮ ಪೇಪರ್ ಕಪ್ಪನ್ನು ಮುದ್ದೆ ಮಾಡಿ ಎಸೆದು ಎದ್ದಳು.

"ನಾನ ರೀ ಮಷಿನ್."

ಅವಳು ಹಲಗೆಯಿಂದ ಒಮ್ಮೆ ಬೆಂದ, ಮೆರುಗು ಹಚ್ಚದ ಒಂದು ಕಪ್ಪು ತೆಗೆದುಕೊಂಡು, ಕುರ್ಚಿಗಳ ನಡುವೆ ಬಂದು ನಿಂತು, ಎಲ್ಲರಿಗೂ ಕಾಣುವ ಹಾಗೆ ನಾಲಿಗೆ ಚಾಚಿ ಅಂಚಿಗೆ ಹಚ್ಚಿದಳು. ಸಣ್ಣಗೆ ಟಕ್ ಎಂದಿತು. "ಹಿಡೀತು, ಬಿಡ್ತು. ಮಾಲು ಪಾಸ್. ನಿಮ್ಮ ಕೈಯಾಗ ಇದ್ದಾವಲ್ರಿ, ಅವಕ್ಕೆಲ್ಲಾ ಇದ ನಾಲಿಗಿ. ಒಂದನ್ನೂ ಬಿಟ್ಟಿಲ್ಲ."



ಮೊದಲು ಕಪ್ಪು ಕೆಳಗಿಟ್ಟವನು ಚನ್ನವೀರ. "ನಂಗ ಶುಗರ್ ಐತಿ. ಮರತ ಬಿಟ್ಟಿದ್ದೆ," ಎಂದ. ಎರಡನೇ ಜಿಲೇಬಿ ಇನ್ನೂ ಅವನ ಎಡಗೈಯಲ್ಲಿತ್ತು. ಇನ್ನೊಬ್ಬ ಬಾರದ ಫೋನನ್ನು ಕಿವಿಗಿಟ್ಟು ಹಲೋ ಹಲೋ ಎನ್ನುತ್ತ ಕಾರಿನ ಕಡೆ ನಡೆದ. ಮತ್ತೊಬ್ಬನಿಗೆ ಗ್ಯಾಸ್ ಆಯಿತು. ಅಯ್ಯನವರು ಬಜಿಯ ಎಣ್ಣೆಯನ್ನು ಧೋತರಕ್ಕೆ ಒರೆಸಿ, "ಇವತ್ತು ಸೋಮವಾರ. ಒಪ್ಪತ್ತು ನಂದು," ಎಂದರು.

"ಅಯ್ನೋರ, ಸಾವಿರದ ನೂರ ಎಂಬತ್ತು ಡಿಗ್ರಿ ಸುಟ್ಟೈತ್ರಿ," ಎಂದಳು ಗದ್ದೆಮ್ಮ. "ಅಂಜಲಿ ಮೀಟರ್ ನೋಡ್ಯಾಳ. ನನ್ನ ಎಂಜಲ ಅವತ್ತ ಹೊಗಿಯಾಗಿ ಕೈಲಾಸಕ್ಕ ಹೋಗೇತಿ, ನಿಮಗಿಂತ ಮೊದಲ."

"ಹರಾಮಿ! ಮರ್ಯಾದಿ ತಗದಿ!" ಬಸವಂತರಾಯ ಕುರ್ಚಿ ಒದ್ದು ಬಂದ.

"ಯಾರದ್ರಿ? ಕಪ್ಪಿಗೆ ಏನಾಗೇತಿ, ಬಾಯಿಬಿಟ್ಟು ಹೇಳ್ರಲ್ಲ. ಎಲ್ಲಾರೂ ಕೇಳ್ಲಿ."

ಅವನು ಬಾಯಿಬಿಟ್ಟ. ನಾವೆಲ್ಲ ಕಾದೆವು. ಕಾರುಗಳು ಒಂದೊಂದಾಗಿ ರಸ್ತೆಗೆ ಹತ್ತುವ ಸದ್ದು ಕೇಳಿಸಿತು, ಅವನು ಬೆಳಗಿನ ಪದವನ್ನೇ ಮತ್ತೊಮ್ಮೆ ನುಂಗಿಕೊಂಡ. ಕೊನೆಗೆ, "ಪಂಪಾಪತಿ! ಎಲ್ಲಾ ಒಡದು ಹಾಕಲೇ!" ಎಂದು ಕಿರುಚಿದ.

ಪಂಪಾಪತಿ ತನ್ನ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳಲು ಬಗ್ಗಿದವನು ಏಳಲೇ ಇಲ್ಲ.

ಮೇಜಿನ ತುಂಬ ಬಿಟ್ಟುಹೋದ ಕಪ್ಪುಗಳು, ಅರ್ಧ ಅರ್ಧ ಚಹಾ. ಮಾಬುಬೀ ಒಂದಕ್ಕೆ ಕೈಹಾಕಿದಳು.

"ಏ, ಬಿಡು!" ಎಂದಳು ಗದ್ದೆಮ್ಮ. "ಮಂದಿ ಎಂಜಲ ನಾವ್ಯಾಕ ಕುಡೀಬೇಕು? ಚೆಲ್ಲು. ತೊಳಿ."

ಚೆಲ್ಲಿದೆವು. ತೊಳೆದೆವು, ಎರಡೆರಡು ಸಲ, ಹೈಜೀನ್. ಕೆಟಲಿನಲ್ಲಿ ಬಿಸಿ ಚಹಾ ಇನ್ನೂ ಬೇಕಾದಷ್ಟಿತ್ತು. ಗದ್ದೆಮ್ಮ ಅಂಚಿನವರೆಗೆ ತುಂಬಿಸಿಕೊಂಡು, ಕೆಂಪು ಬಟ್ಟೆಯ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕುಡಿದಳು.

"ತುಟಿಗೆ ಹಿಡೀತೇನು?" ಕೇಳಿದೆ.

"ಇಲ್ಲಬೇ. ಜಾರತೈತಿ." ಇನ್ನೊಂದು ಗುಟುಕು ಕುಡಿದು, "ಸಕ್ಕರಿ ಕಮ್ಮಿ ಆಗೇತಿ," ಎಂದಳು.

"ನಾಳಿಂದ ಬರಬ್ಯಾಡ ನೀನು!" ಎಂದ ಬಸವಂತರಾಯ, ದೂರದಿಂದ.

"ಆತ್ರಿ. ಹೋಟೆಲಿನ ಮಾಲು ನಾಳೆ ಭಟ್ಟಿಯಿಂದ ಹೊರಗ ಬರತೈತಿ. ಒಂದೊಂದಕ್ಕೂ ನಾಲಿಗಿ ಹಚ್ಚಬೇಕು. ನಿಮ್ಮದು ತಗೊಂಡು ಬರ್ರಿ."

ಮೊದಲು ನಕ್ಕವನು ಪಂಪಾಪತಿ, ಬಗ್ಗಿದಲ್ಲೇ. ಬಸವಂತರಾಯ ಜೀಪಿನಲ್ಲಿ ಕೂತ, ಆದರೆ ಚಾಲೂ ಮಾಡಲಿಲ್ಲ. ಗದ್ದೆಮ್ಮ ಇನ್ನೊಂದು ಸಲ ತುಂಬಿಸಿಕೊಂಡಳು.

ಸಂಜೆ ಮೆರುಗು ಕಲಸುವ ಕೋಣೆಯ ಅಳತೆಗಾಜಿನಲ್ಲಿ ಎರಡನ್ನೂ ಅಳೆದೆ. ಪೇಪರ್ ಕಪ್ಪು ಹಿಡಿಯುವುದು ನಲವತ್ತು ಮಿಲಿಲೀಟರ್. ಗದ್ದೆಮ್ಮನ ಕಪ್ಪು, ಅಂಚಿನವರೆಗೆ, ನೂರ ನಲವತ್ತು ಮಿಲಿಲೀಟರ್.