ಅರ್ಥದ ಮೇಡಂ

ಸಂದರ್ಶನದಲ್ಲಿ ಪ್ರಿನ್ಸಿಪಾಲರು ಕೇಳಿದ್ದು ಒಂದೇ ಪ್ರಶ್ನೆ. "ನೀವು ಅರ್ಥದವರು ತಾನೆ?" ಅವಳು ಹೌದೆಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ, ಬಂದದ್ದು ಯಾಕೆ ಜಾರಿಕೊಳ್ಳುತ್ತದೆ ಎಂಬುದನ್ನೇ ವರ್ಷಗಟ್ಟಲೆ ಓದಿ, ಕಣ್ಣು ಹಾಳುಮಾಡಿಕೊಂಡು ಡಾಕ್ಟರೇಟ್ ಪಡೆದವಳು. ಆದರೆ ಕೆಲಸಕ್ಕೆ ಸೇರಿದ ದಿನ ಗುಮಾಸ್ತ ಅವಳ ಕೈಗಿಟ್ಟದ್ದು ಅರ್ಥಶಾಸ್ತ್ರದ ಪಠ್ಯಪುಸ್ತಕ. ಮುಖಪುಟದಲ್ಲಿ ನಾಣ್ಯದ ರಾಶಿ, ಪಕ್ಕದಲ್ಲಿ ಮೇಲಕ್ಕೇರುವ ಬಾಣ.

"ಇದು ಆ ಅರ್ಥ ಸರ್, ನಂದು ಈ ಅರ್ಥ!" ಎಂದು ಅವಳು ಪ್ರಿನ್ಸಿಪಾಲರ ಮುಂದೆ ನಿಂತು ಗೋಳಾಡಿದಳು.

"ಅರ್ಥ ಅಂದ್ಮೇಲೆ ಅರ್ಥ ಕಣಮ್ಮಾ," ಎಂದರು ಪ್ರಿನ್ಸಿಪಾಲರು. "ತಪ್ಪಾಗಿದೆ ಅಂತ ಮೇಲಿನವರಿಗೆ ಹೇಳಿದ್ರೆ ಹುದ್ದೇನೇ ಕಿತ್ಹಾಕ್ತಾರೆ. ಒಂದು ವರ್ಷ ಹೇಗಾದ್ರೂ ತಳ್ಳಿ. ಕೊನೆಗೆ ವಿಷಯ ತಜ್ಞರು ಬಂದು ನಿಮ್ಮ ಒಂದು ಪಾಠ ಕೇಳ್ತಾರೆ. ಸರಿ ಅಂದ್ರೆ ಕೆಲಸ ಕಾಯಂ."

"ಸರಿಯಿಲ್ಲ ಅಂದ್ರೆ?"

ಪ್ರಿನ್ಸಿಪಾಲರು ಗಂಟೆ ಒತ್ತಿ ಮುಂದಿನವರನ್ನು ಒಳಗೆ ಕರೆದರು.

ಸರಿಯಿಲ್ಲ ಅಂದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಭಾವನ ಬಕೆಟ್ ಅಂಗಡಿ! ಇಷ್ಟು ದಿನ ಊರಿನ ಕಾಲೇಜುಗಳಲ್ಲೆಲ್ಲ ತಾತ್ಕಾಲಿಕವಾಗಿ ದುಡಿಯುತ್ತ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವಳು ಅವಳು. ಅಕ್ಕ ಒಳ್ಳೆಯವಳು. ಭಾವನೂ ಕೆಟ್ಟವನೇನಲ್ಲ, ಬಾಯಿಯೊಂದು ಬಿಟ್ಟರೆ. ಹಲ್ಲುಜ್ಜುವಾಗಲೂ ಮಾತಾಡುವ ಮನುಷ್ಯ.

"ನೋಡು ನಾದಿನಿ, ಈ ಸಲಾನೂ ಕೆಲಸ ಹೋದ್ರೆ ಅಂಗಡಿಗೆ ಬಂದ್ಬಿಡು," ಎನ್ನುತ್ತಿದ್ದ ನೊರೆಯ ನಡುವಿನಿಂದ. "ನಿಂಗೇ ಅಂತ ಒಂದು ನೀಲಿ ಸ್ಟೂಲ್ ತೆಗೆದಿಟ್ಟಿದೀನಿ. ಬಂದವರನ್ನ ಮುಚ್ಚಳ ಬೇಕಾ ಅಂತ ಕೇಳ್ತಾ ಕೂತ್ರಾಯ್ತು."

ಆ ಸ್ಟೂಲನ್ನು ಅವಳು ಕಣ್ಣಾರೆ ನೋಡಿದ್ದಳು. ಒಂದು ಕಾಲು ಗಿಡ್ಡ. ಅದರ ಮೇಲೆ ಓಲಾಡುತ್ತ ಕೂತು, ಮುಚ್ಚಳ ಬೇಕಾ, ಮುಚ್ಚಳ ಬೇಕಾ ಎಂದು ಮುದುಕಿಯಾಗುವುದನ್ನು ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು.

ಅಧ್ಯಾಪಕರ ಕೋಣೆಯಲ್ಲಿ ಇಬ್ಬರು ಮೇಷ್ಟ್ರುಗಳು ಅವಳ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ನಿರ್ವಹಣೆಯ ಮೇಷ್ಟ್ರು. ಮೊದಲು ಲಿಫ್ಟುಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದವರು. ಇಲ್ಲಿ ವ್ಯವಹಾರ ನಿರ್ವಹಣೆ ಕಲಿಸಬೇಕೆಂಬುದು ತರಗತಿಗೆ ಕಾಲಿಟ್ಟ ಮೇಲೇ ತಿಳಿಯಿತಂತೆ. "ಅದಕ್ಕೇನು? ಹೊರೆ ಜಾಸ್ತಿಯಾದ್ರೆ ಲಿಫ್ಟೂ ನಿಲ್ಲುತ್ತೆ, ಕಂಪನೀನೂ ನಿಲ್ಲುತ್ತೆ. ಆಗಾಗ ಎಣ್ಣೆ ಹಾಕ್ಬೇಕು ಅಂತ ಹೇಳ್ಕೊಡ್ತೀನಿ."

ಇನ್ನೊಬ್ಬರು ಸಂವಹನದ ಮೇಷ್ಟ್ರು. ಬಿಸಿನೀರು ಪಾತ್ರೆಯಲ್ಲಿ ಮೇಲೇಳುತ್ತದಲ್ಲ, ಶಾಖದ ಆ ಸಂವಹನದ ಮೇಲೆ ಸಂಶೋಧನೆ ಮಾಡಿದವರು. ಈಗ ಸಮಾಜ ಮತ್ತು ಸಂವಹನ ಕಲಿಸುತ್ತಿದ್ದರು. "ಬಿಸಿ ಸುದ್ದಿ ಮೇಲೆ ಹೋಗುತ್ತೆ, ಆರಿದ ಸುದ್ದಿ ಕೆಳಗಿಳಿಯುತ್ತೆ. ಸಮಾಜ ಅಂದ್ರೆ ಇನ್ನೇನಮ್ಮಾ?"

ಇಬ್ಬರೂ ಕಾಯಂ ಆಗಿ, ಹೊಟ್ಟೆ ಬಂದು, ನೆಮ್ಮದಿಯಾಗಿದ್ದರು. ಅವರನ್ನು ನೋಡಿ ಅವಳಿಗೂ ಹುಚ್ಚು ಧೈರ್ಯ ಬಂತು. ಪಠ್ಯಪುಸ್ತಕವನ್ನು ಬಿಡಿಸಿ, ಗೊತ್ತಾಗದ ಕಡೆಯೆಲ್ಲ ಶಬ್ದಗಳನ್ನು ಹಿಡಿದು ಜಗ್ಗಾಡತೊಡಗಿದಳು. ಹುಡುಗರಿಗೆ ಇದು ಬಲು ಮಜಾ ಅನ್ನಿಸಿತು. 'ಅರ್ಥದ ಮೇಡಂ' ಎಂದು ಹೆಸರಿಟ್ಟರು. ಲೆಕ್ಕದ ಹಾಳೆ ಬಂದಾಗ ಮಾತ್ರ ಅವಳಿಗೆ ಸಮಯಕ್ಕೆ ಸರಿಯಾಗಿ ಕೆಮ್ಮು ಬರುತ್ತಿತ್ತು.

ವರ್ಷ ಮುಗಿಯಿತು. ವಿಷಯ ತಜ್ಞರು ಬಂದೇಬಿಟ್ಟರು.

ತೆಳ್ಳಗಿನ ಮೈ, ಬೋಳುತಲೆ, ನಗು ಎಂಬುದೇ ಗೊತ್ತಿಲ್ಲದ ಮುಖ. ಪ್ರಿನ್ಸಿಪಾಲರು ಕೊಟ್ಟ ಚಹಾವನ್ನು ಕುಡಿಯುವ ಮೊದಲು ಮೂಸಿದರು. ಬಿಸ್ಕತ್ತನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ತಟ್ಟೆಗೇ ವಾಪಸ್ಸಿಟ್ಟರು. ತರಗತಿಗೆ ಬಂದವರು ಹಿಂದಿನ ಬೆಂಚಿನ ಹುಡುಗನ ಕಣ್ಣನ್ನು ಬಗ್ಗಿ ನೋಡಿದರು. ಅಪ್ಪಾ, ಎಂಥ ಕಟ್ಟುನಿಟ್ಟಿನ ಆಸಾಮಿ! ಅವಳ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

ಪಾಠ ಬೇಡಿಕೆಯದು. ಪುಸ್ತಕದಲ್ಲಿದ್ದ ಗೆರೆಯನ್ನು ಹಲಗೆಯ ಮೇಲೆ ಎಳೆದಳು. ಅದು ಮೇಲಿಂದ ಕೆಳಗಿಳಿಯಬೇಕೋ, ಕೆಳಗಿಂದ ಮೇಲೇರಬೇಕೋ ಆ ಗಳಿಗೆಗೆ ಮರೆತೇಹೋಯಿತು. ಎಲ್ಲ ಹಾಳಾಗಿ ಹೋಗಲಿ ಎಂದು ಗೆರೆಯನ್ನು ಒರೆಸಿ ಹಾಕಿ, ಹುಡುಗರ ಕಡೆಗೆ ತಿರುಗಿದಳು.

"ಬೇಡಿಕೆ ಅನ್ನೋದು ಎಲ್ಲಿಂದ ಬಂತು? ಬೇಡು ಅನ್ನೋದರಿಂದ. ಬೇಡೋನಿಗೆ ಏನು ಇರುತ್ತೆ?"

"ಬೇಕು ಅಂತ ಇರುತ್ತೆ ಮೇಡಂ!"

"ಹಾಗಾದ್ರೆ ಬೇಡ ಅಂದ್ರೆ?"

"ಬೇಡ ಅಂತ!"

"ನೋಡಿ, ಒಂದೇ ಬಾಯಲ್ಲಿ ಬೇಡ್ತೀವಿ, ಅದೇ ಬಾಯಲ್ಲಿ ಬೇಡ ಅಂತೀವಿ. ನಡುವೆ ಆಗಿದ್ದೇನು?"

"ಬೆಲೆ ಕೇಳಿದ್ವಿ ಮೇಡಂ!" ಎಂದಳು ಕಿಟಕಿ ಪಕ್ಕದ ಹುಡುಗಿ. ಇಡೀ ತರಗತಿ ಗೊಳ್ಳೆಂದಿತು. ಅವಳೂ ಭಯ ಮರೆತು ನಕ್ಕುಬಿಟ್ಟಳು. ತಜ್ಞರೊಬ್ಬರೇ ನಗಲಿಲ್ಲ.

ಪಾಠ ಮುಗಿದ ಮೇಲೆ ಹುಡುಗರೆಲ್ಲ ಹೊರಗೆ ಹೋದರು. ತಜ್ಞರು ಕೂತಲ್ಲೇ ಕೂತಿದ್ದರು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ವರ್ಷವಿಡೀ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ತಾನಾಗಿಯೇ ಹೊರಗೆ ಬಂತು.

"ಸರ್, ನನಗೆ ಅರ್ಥಶಾಸ್ತ್ರ ಬರಲ್ಲ. ನಂದು ಮಾತಿನ ಅರ್ಥ. ಮೋಸ ಮಾಡಬೇಕು ಅಂತ ಬಂದೋಳಲ್ಲ. ಕೆಲಸ ಬೇಕಿತ್ತು, ಸುಮ್ಮನಿದ್ದೆ. ನೀವು ಏನು ಬೇಕಾದ್ರೂ ಬರ್ಕೊಳ್ಳಿ," ಎಂದವಳ ಕಣ್ಣ ಮುಂದೆ ನೀಲಿ ಸ್ಟೂಲು ಬಂದು ನಿಂತಿತು.

ತಜ್ಞರು ಎದ್ದರು. ಬಾಗಿಲಿನವರೆಗೆ ನಡೆದು, ಅತ್ತಿತ್ತ ನೋಡಿ, ಚಿಲಕ ಹಾಕಿದರು. ಅವರ ಬೋಳುತಲೆ ಬೆವರಿತ್ತು.

"ಅಮ್ಮಾ, ನಾನೂ ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳ್ಬೇಡಿ. ನಾನು ವಿಷಯ ತಜ್ಞ ಅಲ್ಲ. ವಿಷ ತಜ್ಞ."

"ಏನಂದ್ರಿ?"

"ವಿಷ. ಕುಡಿದ್ರೆ ಸಾಯ್ತಾರಲ್ಲ, ಅದು. ಹಿಂದೊಂದು ಸಲ ಫೋನಲ್ಲಿ ಯಾರೋ ನೀವು ಏನು ತಜ್ಞರು ಅಂತ ಕೇಳಿದ್ರು. ವಿಷ ತಜ್ಞ ಅಂದೆ. ಅವರ ಕಿವಿಗೆ ಅದು ಏನಂತ ಬಿತ್ತೋ! ಮಾರನೇ ವಾರ ಕಾರು ಕಳಿಸಿ, ಭೂಗೋಳದ ಪಾಠಕ್ಕೆ ಕೂರಿಸಿದ್ರು. ಆಮೇಲೆ ಸಮಾಜಶಾಸ್ತ್ರ, ಸಂಗೀತ, ಲೆಕ್ಕಪತ್ರ. ಬೇಡ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಪ್ರತಿ ಸಲಾನೂ ಯಾರಾದ್ರೂ ಒಂದು ಪ್ರಶ್ನೆ ಕೇಳ್ಬಿಡ್ತಾರೇನೋ ಅಂತ ಎದೆ ಡವಡವ ಅನ್ನುತ್ತೆ."

"ಮತ್ತೆ ಪಾಸು ಫೇಲು ಹೇಗೆ ಹೇಳ್ತೀರಿ?"

"ಹುಡುಗರ ಕಣ್ಣು ನೋಡ್ತೀನಿ," ಎಂದರು ಅವರು ಗಂಭೀರವಾಗಿ. "ಕಣ್ಣು ಮೇಲೆ ಸಿಕ್ಕಿ, ಬಾಯಿ ಒಣಗಿ, ಕತ್ತು ವಾಲಿದ್ರೆ ಪಾಠ ವಿಷದ ಹಾಗೆ ಮೈಗೆ ಏರಿದೆ ಅಂತ ಲೆಕ್ಕ. ಫೇಲು. ಎಷ್ಟೋ ಕಡೆ ಹಾಗೇ ಇರ್ತಾರೆ. ನಿಮ್ಮಲ್ಲಿ ಎಲ್ಲಾ ಜೀವಂತ ಇದ್ರು."

ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಸೆರಗಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದು ಕೂತಳು. ಅವರು ಪಕ್ಕದಲ್ಲಿ ನಿಂತು, ಅದು ನಗುವೇ ಹೌದೋ, ವಿಷದ ಸೆಳೆತವೋ ಎಂದು ಅಭ್ಯಾಸಬಲದಿಂದ ಬಗ್ಗಿ ಪರೀಕ್ಷಿಸಿದರು.

ಬಾಗಿಲು ತೆರೆದಾಗ ಹೊರಗೆ ಪ್ರಿನ್ಸಿಪಾಲರೂ ಮೇಷ್ಟ್ರುಗಳಿಬ್ಬರೂ ಕಿವಿ ನಿಮಿರಿಸಿಕೊಂಡು ನಿಂತಿದ್ದರು. "ಹೇಗಿತ್ತು ಸರ್?" ಎಂದರು ಪ್ರಿನ್ಸಿಪಾಲರು ಕೈಕೈ ಉಜ್ಜುತ್ತ.

"ವಿಷ," ಎಂದರು ತಜ್ಞರು. ಎಲ್ಲರ ಮುಖ ಬಿಳಿಚಿತು. ತಜ್ಞರು ಗಂಟಲು ಸರಿಮಾಡಿಕೊಂಡರು. "...ಯ ಚೆನ್ನಾಗಿತ್ತು. ಕಾಯಂ ಮಾಡಿ."

ಮನೆಗೆ ಹೋದವಳೇ ಅವಳು ಅಕ್ಕನನ್ನು ತಬ್ಬಿಕೊಂಡು, ಭಾವನ ಕಡೆ ತಿರುಗಿ, "ಭಾವ, ಆ ಸ್ಟೂಲ್ ಮಾರಿಬಿಡಿ," ಎಂದಳು.

"ಕುಂಟು ಸ್ಟೂಲನ್ನ ಯಾರು ತಗೋತಾರೆ? ಅದಕ್ಕೆ ಬೇಡಿಕೇನೇ ಇಲ್ಲ," ಎಂದ ಭಾವ.

"ಬೇಡಿಕೆ ಅಂದ್ರೆ ಏನು ಗೊತ್ತಾ ನಿಮಗೆ?" ಎಂದು ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಅಕ್ಕ ಊಟಕ್ಕೆ ಕರೆಯುವ ಹೊತ್ತಿಗೆ ಅವಳು ಇನ್ನೂ ಹೇಳುತ್ತಲೇ ಇದ್ದಳು. ಭಾವನ ಕಣ್ಣು ಮೇಲೆ ಸಿಕ್ಕಿ, ಬಾಯಿ ಒಣಗಿ, ಕತ್ತು ವಾಲಿತ್ತು.