ಉಸ್ ಎಂದ ಪೆಟ್ರೋಲ್ ಟ್ಯಾಂಕು

ಭಾನುವಾರ ನವೀನ್ ಬಂದು ನಮ್ಮ ಎಂಜಿನ್ ದೋಣಿಯನ್ನು ಕೊಂಡೊಯ್ಯಲಿ ಎಂದು ನನ್ನ ಗಂಡ ಜವರ ಮಾತು ಕೊಟ್ಟು ಬಂದಾಗಿನಿಂದ ನನ್ನ ತಲೆ ಕೆಟ್ಟಿತ್ತು. ನವೀನ್ ಆಚೆ ದಡದಲ್ಲಿ ಹೋಂಸ್ಟೇ ನಡೆಸುವವನು, ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಇವರ ಮೇಲೆ. ಹಾರಂಗಿ ಹಿನ್ನೀರಿನಲ್ಲಿ ಮೀನಿಗೆ ಬಲೆ ಬಿಡುವುದನ್ನು ಬಿಟ್ಟರೆ ಇವರಿಗೆ ಬೇರೆ ಸಂತೋಷವಿಲ್ಲ. ದೋಣಿ ಹೋದರೆ ಇವರು ಜಗಲಿಯಲ್ಲಿ ಕೂತು ಗೋಡೆ ನೋಡುತ್ತಾರೆ, ಅದನ್ನು ನಾನು ನೋಡಬೇಕು.

"ಎಂಜಿನ್ ಮುಗೀತು ಕಣೆ ವನಜ. ಒಂದಷ್ಟು ದೂರ ಓಡ್ತದೆ, ನಿಂತೋಗ್ತದೆ" ಅನ್ನುತ್ತಿದ್ದರು.

ಮುಗಿದದ್ದು ಎಂಜಿನ್ನಲ್ಲ, ಇವರ ಕಿವಿ. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜದ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕ ಅರ್ಧ ಆಯಸ್ಸು ನಿಂತವರು. ಮೊದಲೆಲ್ಲ ಯಾರ ಮನೆಯ ಪಂಪ್‌ಸೆಟ್ ಕೆಟ್ಟರೂ ಬರೀ ಸದ್ದು ಕೇಳಿ ಏನಾಗಿದೆ ಎಂದು ಹೇಳುತ್ತಿದ್ದರು. ಈಗ ನನ್ನ ತುಟಿ ನೋಡಿ ಮಾತು ಹಿಡಿಯುತ್ತಾರೆ. ಫೋನಿನಲ್ಲಿ ಯಾರೇನು ಅಂದರೂ "ಹ್ಞೂ, ಹ್ಞೂ" ಎಂದು ಇಟ್ಟುಬಿಡುತ್ತಾರೆ. ಕೇಳುವುದಿಲ್ಲವೆಂದು ಒಂದು ದಿನವೂ ಒಪ್ಪಿದವರಲ್ಲ. ಅವರ ಮುಖ ಸಣ್ಣದಾಗುತ್ತದೆಂದು ನಾನೂ ಕೆದಕಿಲ್ಲ, ದನಿ ಏರಿಸಿದೆ ಅಷ್ಟೆ. ಬೀದಿಯವರು ನನ್ನನ್ನು ಬಜಾರಿ ಅನ್ನುತ್ತಾರೆ. ಅನ್ನಲಿ.

ಕೊಡುವ ಮೊದಲು ಎಂಜಿನ್ ಸರಿಮಾಡಿಯೇ ಕೊಡಬೇಕೆಂದು ಆ ವಾರ ರಿಪೇರಿಗೆ ಕೂತರು. ಮೊಬೈಲಿನಲ್ಲಿ ಯಾರೋ ಕಾರ್ಬ್ಯುರೇಟರ್ ಬಿಚ್ಚುವ ವಿಡಿಯೋವನ್ನು ಇಡೀ ಬೀದಿಗೆ ಪಾಠವಾಗುವಷ್ಟು ಜೋರಾಗಿ ಹಾಕಿಕೊಂಡು, ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು ಬೋಲ್ಟು ಜೋಡಿಸಿದರು. ಕಸ ಊದಿದರು, ಹೊಸ ಪ್ಲಗ್ ಹಾಕಿದರು, ಪೆಟ್ರೋಲ್ ಪೈಪ್ ಬದಲಾಯಿಸಿದರು. ಶನಿವಾರ ಬೆಳಿಗ್ಗೆ, "ಕೊನೇ ಸಲ ಬಲೆ ಎತ್ಕಂಡು ಬರೋಣ, ನೀನೂ ಬಾ" ಅಂದರು. ನಾನು ಹುಟ್ಟು ಹಿಡಿದು ಮುಂದೆ ಕೂತೆ.

ನಡುನೀರಿಗೆ ಬಂದಾಗ ಎಂಜಿನ್ನಿನ ಸದ್ದು ಸಣ್ಣಗಾಗಿ ನಿಂತೇಹೋಯಿತು. ಇವರು ಟ್ಯಾಂಕಿನ ಮುಚ್ಚಳ ತಿರುಗಿಸಿ ಪೆಟ್ರೋಲ್ ನೋಡಿದರು, ಮುಚ್ಚಿದರು, ಹಗ್ಗ ಎಳೆದರು. ಸ್ಟಾರ್ಟ್ ಆಯಿತು. ಇನ್ನಷ್ಟು ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದರು.

"ಅದೂ ನನ್ನಂಗೇ ನಿಟ್ಟುಸಿರು ಬಿಡ್ತಾ ಐತೆ" ಅಂದೆ.

"ಏನು?"

"ಟ್ಯಾಂಕು. ಮುಚ್ಚಳ ತೆಗ್ದಾಗೆಲ್ಲ ಉಸ್ ಅಂತದಲ್ಲ."

ಇವರ ಕೈ ಅಲ್ಲೇ ನಿಂತಿತು. "ಉಸ್ ಅಂತದಾ?"

"ಎರಡು ಸಲಾನೂ ಉಸ್ ಅಂದ್ತಲ್ಲ. ಯಾಕೆ, ನಿಮಗೆ..." ಎಂದು ನಾಲಿಗೆ ಕಚ್ಚಿಕೊಂಡೆ. ಎದ್ದು ಒಳಗೆ ಹೋಗಿಬಿಡೋಣ ಅಂದರೆ ಸುತ್ತ ನೀರು.

ಇವರು ಮುಚ್ಚಳವನ್ನೇ ನೋಡುತ್ತ, "ನಂಗೆ ಕೇಳ್ಸಲ್ಲ ಕಣೆ" ಅಂದರು. "ಓಡ್ತಾ ಐತೋ ಇಲ್ವೋ ಅಂತ ಕೈ ಇಟ್ಟು ನೋಡ್ತೀನಿ. ಯಾವತ್ತಾದ್ರೂ ನಿನ್ನ ಕೂರಿಸ್ಕಂಡು ನಡುನೀರಲ್ಲಿ ಕೆಟ್ಟೋದ್ರೆ ಏನ್ ಮಾಡ್ಲಿ? ಅದ್ಕೇ ಕೊಡ್ತೀನಿ ಅಂದಿದ್ದು."

ಬೈಯಲೆಂದು ವಾರವಿಡೀ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ, ಇವರ ಮೇಲೆ ಪ್ರೀತಿಯೊಂದೇ ಉಳಿಯಿತು. "ಗೊತ್ತು" ಅಂದೆ. ಇವರು ತಲೆ ಎತ್ತಲಿಲ್ಲ. ಇವರ ಮೊಣಕಾಲು ತಟ್ಟಿ, ಮುಖ ನನ್ನ ಕಡೆ ತಿರುಗಿಸಿಕೊಂಡು ಮತ್ತೆ ಹೇಳಿದೆ: "ಗೊತ್ತು ಕಣ್ರಿ. ಉಸ್ ಅಂದ್ರೆ ಏನಾಗೈತೆ, ಮೊದ್ಲು ಅದನ್ನ ಹೇಳಿ."

ತಕ್ಷಣ ಇವರ ಕಣ್ಣಿಗೆ ಹಳೆಯ ಕಳೆ ಬಂತು. "ಮುಚ್ಚಳದಾಗೆ ಗಾಳಿ ಹೋಗಕ್ಕೆ ಒಂದು ತೂತಿರ್ತದೆ. ಅದು ಕಟ್ಕಂಡ್ರೆ ಪೆಟ್ರೋಲ್ ಕೆಳಕ್ಕೆ ಇಳಿಯಲ್ಲ. ಮುಚ್ಚಳ ತೆಗ್ದೇಟ್ಗೆ ಗಾಳಿ ನುಗ್ತದೆ, ಅದೇ ಉಸ್ ಅನ್ನೋದು!" ಮುಚ್ಚಳ ಮಗುಚಿ ನೋಡಿದರೆ, ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತಿಗೂ ಮಣ್ಣು ಮೆತ್ತಿಟ್ಟಿತ್ತು. ನಾನು ಸೀರೆಯ ಪಿನ್ನು ತೆಗೆದುಕೊಟ್ಟೆ. ಇವರು ಕೆದಕಿ, ಊದಿ, ಆ ತೂತಿನಿಂದ ಆಕಾಶ ನೋಡಿದರು.

ಆಮೇಲೆ ಎಂಜಿನ್ ನಿಲ್ಲಲಿಲ್ಲ. ಇವರು ನೀರು ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. "ಹೆಂಗೈತೆ ಸೌಂಡು?"

"ಒಗ್ಗರಣೇಲಿ ಸಾಸಿವೆ ಸಿಡ್ದಂಗೆ. ಒಂದೇ ಸಮ."

"ಹಂಗಾರೆ ಸರಿಯಾಗೈತೆ" ಎಂದು ಡಾಕ್ಟರಂತೆ ತಲೆಯಾಡಿಸಿದರು. ಈ ಮಾತಿನ ಭರದಲ್ಲಿ ಬಲೆ ದಾಟಿ ಬಂದುಬಿಟ್ಟಿದ್ದೆವು. ನಾನು ಕೈಬೀಸಿ ಕೂಗಿದ ಮೇಲೆ ಇವರು ದೋಣಿ ತಿರುಗಿಸಿದರು.

ದಡಕ್ಕೆ ಬಂದ ಮೇಲೆ, "ನವೀನ್‌ಗೆ ಫೋನ್ ಮಾಡಿ, ದೋಣಿ ಕೊಡಲ್ಲ ಅನ್ನಿ" ಅಂದೆ. ಇವರು ಜೇಬಿನಿಂದ ಫೋನ್ ತೆಗೆದು ಒಂದು ಗಳಿಗೆ ನೋಡಿ, ನನ್ನ ಕೈಗಿಟ್ಟರು.

"ನೀನೇ ಮಾಡು. ಫೋನಲ್ಲಿ ನಂಗೇನೂ ಕೇಳ್ಸಲ್ಲ" ಅಂದರು, ದಡದಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.